ರೇಖೆಯಿಂದ ಮಾದರಿಗೆ: ಯಾಂತ್ರಿಕ ಸೇವೆಗಳ ನಕ್ಷೆಯಲ್ಲಿ ಬಿಐಎಂ

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಪ್ರದೇಶದಲ್ಲಿ ತಲೆಯೆತ್ತಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ತುಮಕೂರು ಸಮೀಪದ ವಸಂತನರಸಾಪುರ ಈಗಾಗಲೇ ದೊಡ್ಡ ಕೈಗಾರಿಕಾ ಪ್ರದೇಶವಾಗಿದೆ. ಕಾರ್ಖಾನೆಯಾಗಲಿ, ಆಸ್ಪತ್ರೆಯಾಗಲಿ, ಗೋಡೆ–ಚಾವಣಿಗಳಿಂದ ಮಾತ್ರ ಪೂರ್ಣಗೊಳ್ಳುವುದಿಲ್ಲ. ಹವಾನಿಯಂತ್ರಣ, ಗಾಳಿ ಸಂಚಾರ, ಅಗ್ನಿಶಮನ, ಸಂಕುಚಿತ ವಾಯು, ನೀರು ಸರಬರಾಜು ಮುಂತಾದ ಯಾಂತ್ರಿಕ ಸೇವೆಗಳೇ ಅದರ ನರನಾಡಿಗಳು. ಈ ಸೇವೆಗಳ ನಕ್ಷೆ ಸಿದ್ಧಪಡಿಸುವ ವಿಧಾನ ಕಳೆದ ಎರಡು ದಶಕಗಳಲ್ಲಿ ಗಣನೀಯವಾಗಿ ಬದಲಾಗಿದೆ. ಕುಣಿಗಲ್ ತಾಲೂಕಿನ ಕೊತ್ತಗೆರೆಯಂತಹ ಹೋಬಳಿಗಳಿಂದ ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ವಿನ್ಯಾಸ ಕಚೇರಿಗಳತ್ತ ಹೊರಡುವ ಯುವಜನರ ಉದ್ಯೋಗದ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಏನಿದು ಬಿಐಎಂ?

ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್ ಎಂಬುದರ ಸಂಕ್ಷಿಪ್ತ ರೂಪವೇ ಬಿಐಎಂ. ಕಟ್ಟಡವನ್ನು ನಿಜವಾಗಿ ಕಟ್ಟುವ ಮುನ್ನ ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ಕಟ್ಟುವ ವಿಧಾನವಿದು. ಸಾಂಪ್ರದಾಯಿಕ ನಕ್ಷೆಯಲ್ಲಿ ಎರಡು ಸಮಾನಾಂತರ ಗೆರೆಗಳು ಒಂದು ಡಕ್ಟ್ ಅನ್ನು ಸೂಚಿಸುತ್ತವೆ. ಅವು ಡಕ್ಟ್ ಎಂಬುದು ನೋಡುವವನಿಗೆ ತಿಳಿದಿದೆಯೇ ಹೊರತು ಯಂತ್ರಕ್ಕಲ್ಲ. ಬಿಐಎಂ ಮಾದರಿಯಲ್ಲಾದರೋ ಆ ಡಕ್ಟ್ ಒಂದು ವಸ್ತು. ಅದರ ಅಗಲ, ಎತ್ತರ, ತಗಡಿನ ದಪ್ಪ, ಹರಿಯುವ ಗಾಳಿಯ ಪ್ರಮಾಣ, ನೆಲದಿಂದ ಇರುವ ಎತ್ತರ ಎಲ್ಲವೂ ಅದರೊಂದಿಗೇ ದಾಖಲಾಗಿರುತ್ತವೆ. ಒಂದೆಡೆ ಅಳತೆ ಬದಲಿಸಿದರೆ ತಳನಕ್ಷೆ, ಅಡ್ಡಸೀಳು ನೋಟ, ಸಾಮಗ್ರಿ ಪಟ್ಟಿ ಮೂರೂ ತಾವಾಗಿ ಬದಲಾಗುತ್ತವೆ.

600 ಮಿ.ಮೀ. ಜಾಗದ ಲೆಕ್ಕ

ಇದರ ಪ್ರಯೋಜನ ಅರಿಯಲು ಒಂದು ಸರಳ ಉದಾಹರಣೆ ಸಾಕು. ಆಸ್ಪತ್ರೆಯೊಂದರ ಓಣಿಯಲ್ಲಿ ಬೀಮ್‌ನ ತಳಭಾಗ ನೆಲದಿಂದ 3,000 ಮಿ.ಮೀ. ಎತ್ತರದಲ್ಲಿದೆ, ಫಾಲ್ಸ್ ಸೀಲಿಂಗ್ 2,400 ಮಿ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ನಡುವೆ ಉಳಿಯುವುದು 600 ಮಿ.ಮೀ. ಹವಾನಿಯಂತ್ರಣದ ಡಕ್ಟ್ 350 ಮಿ.ಮೀ. ಎತ್ತರವಿದ್ದು, ಮೇಲೆ ಕೆಳಗೆ ತಲಾ 25 ಮಿ.ಮೀ. ಉಷ್ಣನಿರೋಧಕ ಹೊದಿಕೆ ಸೇರಿದರೆ 400 ಮಿ.ಮೀ. ಆಗುತ್ತದೆ. ಅದನ್ನು ಅಡ್ಡಹಾಯುವ 100 ಮಿ.ಮೀ. ನಾಮಾಂಕಿತ ತಣ್ಣೀರಿನ ಕೊಳವೆಯ ಹೊರವ್ಯಾಸ ಸುಮಾರು 114 ಮಿ.ಮೀ.; 50 ಮಿ.ಮೀ. ಹೊದಿಕೆ ಸುತ್ತಿದರೆ 214 ಮಿ.ಮೀ. ಒಟ್ಟು 614 ಮಿ.ಮೀ. ಇವುಗಳನ್ನು ತೂಗುಹಾಕುವ ಸಪೋರ್ಟ್‌ಗಳ ಲೆಕ್ಕ ಇನ್ನೂ ಸೇರಿಲ್ಲ.

ಡಕ್ಟ್‌ನ ನಕ್ಷೆ ಸರಿಯಾಗಿದೆ, ಕೊಳವೆಯ ನಕ್ಷೆಯೂ ಸರಿಯಾಗಿದೆ. ಎರಡನ್ನೂ ಒಟ್ಟಿಗೆ ಕೂಡಿಸಲು ಜಾಗವಿಲ್ಲ ಅಷ್ಟೆ. ಸಮತಲ ನಕ್ಷೆಯಲ್ಲಿ ಇದು ಎರಡು ಗೆರೆಗಳ ಛೇದನವಾಗಿ ಮಾತ್ರ ಕಾಣುತ್ತದೆ. ತಪ್ಪು ಬೆಳಕಿಗೆ ಬರುವುದು ತಗಡು ಕತ್ತರಿಸಿ, ಏಣಿ ಹತ್ತಿ ನಿಂತಾಗ. ಆಗ ಸೀಲಿಂಗ್ ಇಳಿಸಬೇಕು, ಡಕ್ಟ್ ಅನ್ನು ಒಡೆದು ಮತ್ತೆ ಮಾಡಬೇಕು. ಬೀಮ್ ಕೊರೆಯುವ ಅಪಾಯಕಾರಿ ಒತ್ತಾಯವೂ ಕೆಲವೊಮ್ಮೆ ಕೇಳಿಬರುತ್ತದೆ. ಬಿಐಎಂನಲ್ಲಿ ಇಂತಹ ತಾಗುವಿಕೆಯನ್ನು ಕ್ಲ್ಯಾಶ್ ಎನ್ನುತ್ತಾರೆ. ತಂತ್ರಾಂಶ ಇದನ್ನು ಕಚೇರಿಯಲ್ಲೇ ಪತ್ತೆಹಚ್ಚುತ್ತದೆ.

ಬೆಳೆದುಬಂದ ಹಾದಿ

ವಿಮಾನ ಉದ್ಯಮ ಈ ಹಾದಿಯಲ್ಲಿ ಮೊದಲು ನಡೆಯಿತು. 1994ರಲ್ಲಿ ಮೊದಲ ಹಾರಾಟ ನಡೆಸಿದ ಬೋಯಿಂಗ್ 777 ಸಂಪೂರ್ಣವಾಗಿ ಗಣಕಯಂತ್ರದ ಮೂರು ಆಯಾಮದ ಮಾದರಿಯಲ್ಲಿ ವಿನ್ಯಾಸಗೊಂಡಿತ್ತು. ಕಟ್ಟಡ ಕ್ಷೇತ್ರದಲ್ಲಿ 1982ರಲ್ಲಿ ಬಂದ ಆಟೋಕ್ಯಾಡ್ ಡ್ರಾಯಿಂಗ್ ಬೋರ್ಡನ್ನು ಪರದೆಗೆ ತಂದಿತಾದರೂ ಬಹುಮಟ್ಟಿಗೆ ಅದೇ ಗೆರೆಗಳ ಪದ್ಧತಿಯನ್ನು ಮುಂದುವರಿಸಿತು. 2000ದಲ್ಲಿ ರೆವಿಟ್ ತಂತ್ರಾಂಶ ಬಿಡುಗಡೆಯಾಯಿತು. 2002ರಲ್ಲಿ ಆಟೋಡೆಸ್ಕ್ ಸಂಸ್ಥೆ ಅದನ್ನು ಕೊಂಡುಕೊಂಡಿತು.

ನಂತರ ಸರ್ಕಾರಗಳೇ ಮುಂದಾದವು. ದುಬೈ ನಗರಾಡಳಿತ 2014ರಿಂದ 40 ಅಂತಸ್ತಿಗಿಂತ ಎತ್ತರದ ಕಟ್ಟಡಗಳು, ಆಸ್ಪತ್ರೆಗಳು ಮುಂತಾದವುಗಳಿಗೆ ಬಿಐಎಂ ಕಡ್ಡಾಯಗೊಳಿಸಿತು. ಬ್ರಿಟನ್ 2016ರಿಂದ ಕೇಂದ್ರ ಸರ್ಕಾರದ ಯೋಜನೆಗಳಿಗೆ ಇದನ್ನು ಅನ್ವಯಿಸಿತು. 2018ರಲ್ಲಿ ಐಎಸ್‌ಒ 19650 ಎಂಬ ಅಂತಾರಾಷ್ಟ್ರೀಯ ಮಾನಕ ಸರಣಿಯ ಮೊದಲ ಭಾಗಗಳು ಪ್ರಕಟವಾದವು. ಭಾರತದಲ್ಲಿ ನಾಗಪುರ ಮೆಟ್ರೊ ಯೋಜನೆಯು ಕಾಲ ಮತ್ತು ವೆಚ್ಚದ ವಿವರಗಳನ್ನೂ ಒಳಗೊಂಡ ಬಿಐಎಂ ಬಳಸಿ ಗಮನ ಸೆಳೆಯಿತು. ಗಲ್ಫ್, ಬ್ರಿಟನ್ ಯೋಜನೆಗಳ ಮಾದರಿಗಳನ್ನು ಸಿದ್ಧಪಡಿಸುವ ಕಚೇರಿಗಳು ಬೆಂಗಳೂರಿನಲ್ಲೂ ಇವೆ.

ಬದಲಾಗುವಾಗ ಗಮನಿಸಬೇಕಾದುದು

ತಂತ್ರಾಂಶ ಖರೀದಿಯೊಂದೇ ಬದಲಾವಣೆಯಲ್ಲ. ಮೊದಲನೆಯದಾಗಿ, ಶ್ರಮ ಹಂಚಿಕೆಯಾಗುವ ಕಾಲ ಬದಲಾಗುತ್ತದೆ. ಕಾಮಗಾರಿ ಸ್ಥಳದಲ್ಲಿ ಬಗೆಹರಿಯುತ್ತಿದ್ದ ಪ್ರಶ್ನೆಗಳಿಗೆ ವಿನ್ಯಾಸದ ಹಂತದಲ್ಲೇ ಉತ್ತರಿಸಬೇಕಾದ್ದರಿಂದ ಆರಂಭದ ಕೆಲಸ ಹೆಚ್ಚುತ್ತದೆ. ಶುಲ್ಕ ಮತ್ತು ಅವಧಿಯ ಒಪ್ಪಂದ ಹಳೆಯದೇ ಆಗಿದ್ದರೆ ವಿನ್ಯಾಸ ಕಚೇರಿ ನಷ್ಟ ಅನುಭವಿಸುತ್ತದೆ.

ಎರಡನೆಯದಾಗಿ, ಮಾದರಿಯ ವಿವರದ ಮಟ್ಟವನ್ನು ಮೊದಲೇ ನಿರ್ಧರಿಸಬೇಕು. ಇದನ್ನು ಎಲ್‌ಒಡಿ ಎಂಬ ಅಂಕಿಗಳಿಂದ ಸೂಚಿಸುತ್ತಾರೆ. 300 ಎಂದರೆ ನಿಖರ ಗಾತ್ರ ಮತ್ತು ಸ್ಥಾನ. 350 ಎಂದರೆ ಇತರ ಸೇವೆಗಳೊಂದಿಗಿನ ಜೋಡಣೆಯೂ ಸೇರಿದ್ದು. 400 ಎಂದರೆ ವರ್ಕ್‌ಶಾಪ್‌ನಲ್ಲಿ ತಯಾರಿಸಬಹುದಾದಷ್ಟು ವಿವರ. ಮೂರನೆಯದಾಗಿ, ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್, ಎಂಇಪಿ ಗುತ್ತಿಗೆದಾರ ಎಲ್ಲರ ಮಾದರಿಗಳಿಗೂ ಒಂದೇ ಮೂಲಬಿಂದು ಇರಬೇಕು. ಇಲ್ಲವಾದರೆ ಅವು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಮೊದಲ ಪ್ರಯತ್ನಕ್ಕೆ ಸಾಧಾರಣ ಗಾತ್ರದ ಒಂದೇ ಯೋಜನೆಯನ್ನು ಆರಿಸಿಕೊಳ್ಳುವುದು ಜಾಣತನ.

ನಕ್ಷೆಗಾರರ ಭವಿಷ್ಯವೇನು?

ಅಡ್ಡಸೀಳು ನೋಟಗಳನ್ನು ತಂತ್ರಾಂಶವೇ ತೆಗೆದುಕೊಡುವುದರಿಂದ, ಗೆರೆ ನಕಲು ಮಾಡುವುದನ್ನಷ್ಟೇ ಬಲ್ಲವರ ಕೆಲಸಕ್ಕೆ ಕುತ್ತು ಬಂದಿರುವುದು ನಿಜ. ಆದರೆ ಸೇವೆಗಳ ಜ್ಞಾನಕ್ಕೆ ಬೆಲೆ ಕುಂದಿಲ್ಲ. ಹವಾನಿಯಂತ್ರಕದ ತೊಟ್ಟಿಕ್ಕುವ ನೀರನ್ನು ಹೊರಹಾಕುವ ಕೊಳವೆಗೆ ನೂರಕ್ಕೆ ಒಂದರ ಇಳಿಜಾರು ನೀಡಿದರೆ 15 ಮೀಟರ್ ದೂರದಲ್ಲಿ ಅದು 150 ಮಿ.ಮೀ. ಕೆಳಗಿಳಿಯುತ್ತದೆ. ಕ್ಲ್ಯಾಶ್ ಬಂದಾಗ ಈ ಕೊಳವೆಯನ್ನು ಮನಬಂದಂತೆ ಮೇಲೆತ್ತುವಂತಿಲ್ಲ. ನೀರಿನ ಕೊಳವೆಯನ್ನು ಬಾಗಿಸಬಹುದು. ವಾಲ್ವ್ ತಿರುಗಿಸಲು, ಫಿಲ್ಟರ್ ಹೊರತೆಗೆಯಲು ಜಾಗ ಬಿಡಬೇಕು. ಯಾವುದು ಯಾವುದಕ್ಕೆ ದಾರಿ ಬಿಡಬೇಕೆಂಬ ತೀರ್ಮಾನ ಅನುಭವದಿಂದಲೇ ಬರುವಂಥದ್ದು.

ಐಟಿಐನ ಎರಡು ವರ್ಷಗಳ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ತರಬೇತಿ ಪಡೆದವರಿಗೆ ಇದೇ ಬಂಡವಾಳ. ದುಬಾರಿ ಪರವಾನಗಿಯ ಚಿಂತೆಯಿಲ್ಲದೆ ಅಭ್ಯಾಸ ಆರಂಭಿಸಲು ಉಚಿತವಾದ ಫ್ರೀಕ್ಯಾಡ್ ತಂತ್ರಾಂಶವಿದೆ. ವಿವಿಧ ತಂತ್ರಾಂಶಗಳ ನಡುವೆ ಮಾಹಿತಿ ವಿನಿಮಯಕ್ಕೆ ರೂಪಿಸಲಾದ ಐಎಫ್‌ಸಿ ಎಂಬ ಮುಕ್ತ ಕಡತಗಳನ್ನೂ ಅದು ಓದಬಲ್ಲದು. ಒಟ್ಟಿನಲ್ಲಿ, ಉಪಕರಣ ಬದಲಾದರೂ ಗಾಳಿ–ನೀರು ಹರಿಯುವ ನಿಯಮ ಬದಲಾಗಿಲ್ಲ. ಅದನ್ನು ಬಲ್ಲ ನಕ್ಷೆಗಾರ ಹೊಸ ಉಪಕರಣವನ್ನೂ ಕಲಿತರೆ ಆತನ ಸ್ಥಾನ ಭದ್ರ.