ಬೆಕ್ಕಿನ ಉಪವಾಸ

ನಮ್ಮ ಕಥೆ ಪುರಾಣಗಳಲ್ಲಿ ಬೆಕ್ಕು ವ್ರತ ಹಿಡಿಯಿತೆಂದರೆ ಅದರಲ್ಲಿ ಏನೋ ಮೋಸವಿದೆಯೆಂದೇ ತಿಳಿಯಬೇಕು. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನನು ಉಲೂಕನ ಮೂಲಕ ಧರ್ಮರಾಯನಿಗೆ ಹೇಳಿಕಳುಹಿಸಿದ ಬೆಕ್ಕಿನ ಕಥೆ ವಾಚಕರಿಗೆ ನೆನಪಿರಬಹುದು. ಗಂಗಾತೀರದಲ್ಲಿ ಕೈಗಳನ್ನು ಮೇಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನು ನಂಬಿ ಇಲಿಗಳೆಲ್ಲ ಅದರ ಆಶ್ರಯಕ್ಕೆ ಬಂದವು. ದಿನಕಳೆದಂತೆ ಇಲಿಗಳ ಎಣಿಕೆ ಇಳಿಯಿತು. ತಪಸ್ವಿಯ ಮೈ ಮಾತ್ರ ದುಂಡಗಾಯಿತು. ಗುಟ್ಟು ಬಯಲಾದದ್ದು ಆ ಮೈಯಿಂದಲೇ. ಮಹಾಬಲಿಪುರದ ಹೆಬ್ಬಂಡೆಯ ಮೇಲೆ 7ನೆಯ ಶತಮಾನದ ಪಲ್ಲವ ಶಿಲ್ಪಿಗಳು ಇಂಥದೇ ಒಂದು ಬೆಕ್ಕನ್ನು ಕೈಯೆತ್ತಿ ನಿಲ್ಲಿಸಿ, ಕಾಲಬಳಿ ಇಲಿಗಳನ್ನು ಕಡೆದಿದ್ದಾರೆ. ನೋಡಿದವರಿಗೆ ಇಂದಿಗೂ ನಗು ಬರುತ್ತದೆ.

ಈಗ ಕಾಲ ತಿರುವುಮುರುವಾಗಿದೆ. ಬೆಕ್ಕು ತಾನಾಗಿ ವ್ರತ ಹಿಡಿಯುವುದಿಲ್ಲ. ಸಾಕಿದವರೇ ಅದರ ಮೇಲೆ ವ್ರತ ಹೇರುತ್ತಾರೆ. ಹುಮನಾಬಾದಿನಲ್ಲಿ ನಮ್ಮ ಬಂಧುಗಳ ಮನೆಯಲ್ಲೊಂದು ಬೆಕ್ಕಿದೆ. ನಾಲ್ಕೂವರೆ ಕಿಲೋ ಇರಬೇಕಾದದ್ದು ಆರು ಕಿಲೋ ತೂಗುತ್ತದೆ. ಕಟ್ಟೆ ಹತ್ತಬೇಕಾದರೆ ಎರಡು ಸಲ ಯೋಚಿಸುತ್ತದೆ. ಬೆನ್ನಿನ ಹಿಂಭಾಗವನ್ನು ನೆಕ್ಕಿಕೊಳ್ಳಲು ಅದಕ್ಕೆ ಕತ್ತು ನಿಲುಕದು. ಕಳೆದ ಶ್ರಾವಣದಲ್ಲಿ ಮನೆಯ ಹಿರಿಯರೊಬ್ಬರು, “ಲಂಘನಂ ಪರಮೌಷಧಂ ಅಂತಾರಲ್ಲ, ನಮ್ಮ ಜೊತೆ ಇದೂ ನಾಲ್ಕು ದಿನ ಉಪವಾಸ ಇರಲಿ ಬಿಡ್ರಿ” ಎಂದರು. ಮಾತು ಸದ್ಭಾವದ್ದೇ. ಆದರೆ ಹಾಗೆ ಮಾಡಿದ್ದರೆ ಬೆಕ್ಕು ಸಾಯುವ ಸಂಭವವಿತ್ತು. ಅದು ಹೇಗೆಂಬುದನ್ನು ಹೇಳುವ ಮುನ್ನ, ಈ ಬೊಜ್ಜು ಎಲ್ಲಿಂದ ಬಂತೆಂದು ನೋಡುವುದು ಒಳ್ಳೆಯದು.

ಹುಮನಾಬಾದಿನ ನೆರೆಯ ತಾಲ್ಲೂಕು ಬಸವಕಲ್ಯಾಣ. ಅದೇ ಚಾಲುಕ್ಯರ ಕಲ್ಯಾಣ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು (1126–1138) ಬರೆದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅದರ ಇಪ್ಪತ್ತು ವಿನೋದಗಳ ಪಟ್ಟಿಯಲ್ಲಿ ಆನೆಯುಂಟು, ಕುದುರೆಯುಂಟು. ಹುಂಜ, ಲಾವುಗೆ, ಟಗರು, ಕೋಣ, ಪಾರಿವಾಳ, ನಾಯಿ, ಗಿಡುಗ, ಮೀನುಗಳಿಗೂ ಒಂದೊಂದು ಅಧ್ಯಾಯವಿದೆ. ಮೀನಿಗೆ ಎಂತಹ ಉಂಡೆ ಹಾಕಬೇಕೆಂಬುದನ್ನೂ ಅರಸನು ಮರೆತಿಲ್ಲ. ಆದರೆ ಬೆಕ್ಕಿಗೆಂದು ಒಂದು ವಿನೋದವಿಲ್ಲ. ನನಗೆ ಇದು ಅರಸನ ಅಲಕ್ಷ್ಯವೆಂದು ತೋರುವುದಿಲ್ಲ. ಉಳಿದ ಪ್ರಾಣಿಗಳಿಗೆಲ್ಲ ಮನುಷ್ಯನೇ ಅಳೆದು ಹಾಕಬೇಕಾಗಿತ್ತು; ಬೆಕ್ಕಿನ ಊಟವನ್ನು ಬೆಕ್ಕೇ ನೋಡಿಕೊಳ್ಳುತ್ತಿತ್ತು. ಅದು ಅರಮನೆಯ ಪ್ರಾಣಿಯಲ್ಲ, ಕಣಜದ ಪ್ರಾಣಿ.

ಬೆಕ್ಕಿನ ಇತಿಹಾಸವೆಂದರೆ ಕಾಳಿನ ಇತಿಹಾಸವೇ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿ ಬೆಕ್ಕನ್ನೂ ಹೂಳಿದ್ದುದು ಸಿಕ್ಕಿದೆ. 2004ರಲ್ಲಿ ಈ ಸುದ್ದಿ ಪ್ರಕಟವಾಯಿತು. ಆ ಜನ ಆಗಲೇ ಬೇಸಾಯ ಕಲಿತಿದ್ದರು. ಕಾಳು ಕೂಡಿಟ್ಟಲ್ಲಿ ಇಲಿ ಬಂತು, ಇಲಿಯ ಬೆನ್ನುಹತ್ತಿ ಬೆಕ್ಕು ಬಂತು. ನಮ್ಮ ಬೀದರ ಸೀಮೆಯಲ್ಲೂ ಜೋಳ, ತೊಗರಿ, ಉದ್ದು, ಹೆಸರುಗಳನ್ನು ಮನೆಯಲ್ಲೇ ಕೂಡಿಡುತ್ತಿದ್ದ ಕಾಲದಲ್ಲಿ ಬೆಕ್ಕಿಗೆ ಕೈತುಂಬ ಕೆಲಸವಿತ್ತು. ಮನೆಯವರು ಹಾಕುವ ಹಾಲು ಅದಕ್ಕೆ ಕೂಲಿಯ ಮೇಲಿನ ಭಕ್ಷೀಸು. ಒಂದು ಇಲಿಮರಿಯಲ್ಲಿ ಸುಮಾರು 30 ಕ್ಯಾಲರಿ ಎಂದು ಲೆಕ್ಕ ಹಾಕುತ್ತಾರೆ. ದಿನಕ್ಕೆ ಏಳೆಂಟು ಬಾರಿ ಹೊಂಚಿ, ನೆಗೆದು, ಹಿಡಿದು ತಿನ್ನಬೇಕು. ಎಷ್ಟೋ ನೆಗೆತಗಳು ವ್ಯರ್ಥವಾಗಬೇಕು. ಇಂಥ ಜೀವನದಲ್ಲಿ ಬೊಜ್ಜಿಗೆ ಅವಕಾಶವೆಲ್ಲಿ?

ಇಂದು ರಾಶಿ ಮುಗಿದ ಕೂಡಲೆ ಕಾಳು ಗಾಡಿ ಹತ್ತಿ ಮಾರುಕಟ್ಟೆಗೆ ಹೋಗುತ್ತದೆ. ಮನೆಗೆ ಗಿಲಾವು ಬಿದ್ದಿದೆ, ಬಾಗಿಲಿಗೆ ಜಾಳಿಗೆ ಬಂದಿದೆ. ಮರಿಗಳ ಕಾಟ ಬೇಡವೆಂದು ಬೆಕ್ಕಿಗೆ ಶಸ್ತ್ರಕ್ರಿಯೆ ಮಾಡಿಸುತ್ತಾರೆ. ಅದು ಯುಕ್ತವೇ, ಆದರೆ ಆ ಬಳಿಕ ಅದರ ಹಸಿವು ಹೆಚ್ಚುತ್ತದೆ, ಬೇಕಾದ ಆಹಾರ ಕಡಮೆಯಾಗುತ್ತದೆ. ಕೆಲಸ ಹೋಯಿತು, ಭಕ್ಷೀಸು ಮಾತ್ರ ಬೆಳೆಯಿತು. ನಮ್ಮ ಕಡೆಯ ಎಮ್ಮೆಯ ಗಟ್ಟಿ ಹಾಲು 100 ಮಿಲಿಲೀಟರಿಗೆ ಸುಮಾರು 100 ಕ್ಯಾಲರಿ. ದೊಡ್ಡ ಬಟ್ಟಲಿನ ತುಂಬ ಹಾಲು ಕುಡಿದ ಬೆಕ್ಕು ಒಂದು ದಿನದ ಊಟದ ಬಹುಭಾಗವನ್ನು ಮುಗಿಸಿಯೇ ಬಿಟ್ಟಿತು. ಅದರ ಮೇಲೆ ರೊಟ್ಟಿಯ ಚೂರು, ಬಿಸ್ಕತ್ತು, ಅಂಗಡಿಯ ಒಣ ಆಹಾರ. ಬೊಜ್ಜು ಬಾರದೆ ಏನು ಮಾಡೀತು? ಅದರ ಬೆನ್ನಿಗೇ ಸಕ್ಕರೆ ಕಾಯಿಲೆ, ಕೀಲುನೋವುಗಳು ಬರುತ್ತವೆ.

ಹಾಗಾದರೆ ಉಪವಾಸವೇಕೆ ಕೂಡದು? ಮನುಷ್ಯನಾಗಲಿ ನಾಯಿಯಾಗಲಿ ಹಸಿದಾಗ, ದೇಹವು ತನ್ನ ಖರ್ಚನ್ನು ತಕ್ಕಮಟ್ಟಿಗೆ ತಗ್ಗಿಸಿಕೊಳ್ಳುತ್ತದೆ. ಬೆಕ್ಕು ಹುಟ್ಟು ಮಾಂಸಾಹಾರಿ. ಅದರ ಯಕೃತ್ತು ಸದಾ ಸಸಾರಜನಕವನ್ನು ಬೇಡುತ್ತಲೇ ಇರುತ್ತದೆ. ಊಟ ನಿಂತರೆ ಮೈಯಲ್ಲಿ ಕೂಡಿಟ್ಟ ಕೊಬ್ಬೆಲ್ಲ ಒಮ್ಮೆಗೇ ಯಕೃತ್ತಿಗೆ ನುಗ್ಗುತ್ತದೆ. ಅದನ್ನು ಹೊರಸಾಗಿಸುವ ಶಕ್ತಿ ಯಕೃತ್ತಿಗೆ ಸಾಲದು. ಕೆಲವೇ ದಿನಗಳಲ್ಲಿ ಅದು ಕೊಬ್ಬು ತುಂಬಿ ಕೆಡುತ್ತದೆ. ಕಿವಿಯ ಒಳಮೈ, ಒಸಡು, ಕಣ್ಣು ಹಳದಿಗೆ ತಿರುಗುತ್ತವೆ. ವಾಂತಿ, ಜೊಲ್ಲು ಕಾಣಿಸುತ್ತವೆ. ಚಿಕಿತ್ಸೆ ತಡವಾದರೆ ಪ್ರಾಣವೇ ಹೋಗುತ್ತದೆ. ಅಮೆರಿಕದ ಪಶುವೈದ್ಯರು ಈ ರೋಗವನ್ನು 1977ರಲ್ಲಿ ವರ್ಣಿಸಿದರು. ಇದರ ಕ್ರೌರ್ಯವೆಂದರೆ, ಸಣಕಲು ಬೆಕ್ಕಿಗಿಂತ ದಪ್ಪ ಬೆಕ್ಕಿನ ಮೇಲೆಯೇ ಇದರ ಕಣ್ಣು ಹೆಚ್ಚು. ಯಾವುದಕ್ಕೆ ಉಪವಾಸ ಬೇಕೆಂದು ನಮಗೆ ತೋರುತ್ತದೆಯೋ ಅದಕ್ಕೇ ಉಪವಾಸ ವಿಷ.

ಈ ಎಚ್ಚರಿಕೆ ನಮ್ಮ ವೈದ್ಯಕ್ಕೆ ತೀರ ಹೊಸದೆಂದು ಹೇಳಲಾರೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಸ್ಥೂಲದೇಹಿಗಳ ವಿಚಾರವಿದೆ. ಅಲ್ಲಿ ಹೇಳಿರುವುದು ಮನುಷ್ಯರನ್ನು ಕುರಿತು. ಸ್ಥೂಲನ ಜಠರಾಗ್ನಿ ತೀಕ್ಷ್ಣವಾದದ್ದು, ಊಟದ ಹೊತ್ತು ಮೀರಿದರೆ ಘೋರ ವಿಕಾರಗಳಾಗುತ್ತವೆ ಎಂದು ಆಚಾರ್ಯರು ಎಚ್ಚರಿಸುತ್ತಾರೆ. ಹೊಟ್ಟೆಗೆ ಭಾರವಾಗಿದ್ದು ಮೈಗೆ ಹೆಚ್ಚು ಪುಷ್ಟಿ ಕೊಡದ ಆಹಾರವನ್ನು ಅವನಿಗೆ ವಿಧಿಸುತ್ತಾರೆ. ವ್ಯಾಯಾಮ ಮೊದಲಾದವನ್ನು ಕ್ರಮಕ್ರಮವಾಗಿಯೇ ಹೆಚ್ಚಿಸಬೇಕೆನ್ನುತ್ತಾರೆ. ಇಂದಿನ ಪಶುವೈದ್ಯರು ದಪ್ಪ ಬೆಕ್ಕಿಗೆ ಹೇಳುವುದೂ ಹೆಚ್ಚುಕಡಮೆ ಇದನ್ನೇ. ಗಾದೆಯನ್ನು ಬಲ್ಲವರು ನಾವು ಬಹುಮಂದಿ. ಶಾಸ್ತ್ರ ಗಾದೆಗಿಂತ ಸೂಕ್ಷ್ಮವಾಗಿತ್ತು.

ಇನ್ನೊಂದು ತಪ್ಪುದಾರಿಯೂ ಇದೆ. ಮಾಂಸ ಬೇಯಿಸದ ಮನೆಗಳು ನಮ್ಮಲ್ಲಿ ಬಹಳ. ‘ಹಾಲು ಅನ್ನದಲ್ಲೇ ಇರಲಿ, ತಾನಾಗಿ ಇಳಿಯುತ್ತದೆ’ ಎನ್ನುವವರುಂಟು. ಆದರೆ ಟಾರಿನ್ ಎಂಬ ಸತ್ತ್ವವನ್ನು ಬೆಕ್ಕು ತನ್ನ ಮೈಯಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ ಮೀನುಗಳಿಂದಲೇ ಬರಬೇಕು. ಅದರ ಕೊರತೆಯಿಂದ ಬೆಕ್ಕಿಗೆ ಕಣ್ಣು ಹೋಗುತ್ತದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ಸೋಲುತ್ತದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಅಡುಗೆಮನೆಗೆ ಮಾಂಸ ಬಾರದವರು ಬೆಕ್ಕಿಗಾಗಿಯೇ ತಯಾರಾದ ಪರಿಪೂರ್ಣ ಆಹಾರದ ಪೊಟ್ಟಣವನ್ನು ತರುವುದೇ ಲೇಸು.

ಸರಿ, ತೂಕ ಇಳಿಸುವುದು ಹೇಗೆ? ಬೀದರಿನಲ್ಲಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಕಾಲೇಜಿದೆ. ಊರೂರಿಗೆ ಪಶು ಆಸ್ಪತ್ರೆಗಳಿವೆ. ಮೊದಲು ವೈದ್ಯರಿಗೆ ತೋರಿಸಿ, ಬೇರೆ ರೋಗವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಪಕ್ಕೆಲುಬು ಮೃದುವಾಗಿ ಮುಟ್ಟಿದರೆ ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು. ಇದು ಸರಿಯಾದ ಮೈಕಟ್ಟಿನ ಗುರುತು. ವಾರಕ್ಕೆ ದೇಹದ ತೂಕದ ನೂರರಲ್ಲಿ ಅರ್ಧ ಅಥವಾ ಒಂದು ಪಾಲು ಇಳಿದರೆ ಸಾಕು. ಆರು ಕಿಲೋ ಬೆಕ್ಕಿಗೆ ಇದು 30ರಿಂದ 60 ಗ್ರಾಂ. ಒಂದೂವರೆ ಕಿಲೋ ಇಳಿಯಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ.

ನಾಲ್ಕೂವರೆ ಕಿಲೋ ಗುರಿಯುಳ್ಳ ಬೆಕ್ಕಿಗೆ ದಿನಕ್ಕೆ ಸುಮಾರು 170ರಿಂದ 180 ಕ್ಯಾಲರಿ ಎಂಬುದು ವೈದ್ಯರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಮಾಮೂಲಿ ಒಣ ಆಹಾರದಲ್ಲಿ ಇದು 50 ಗ್ರಾಮಿನ ಆಸುಪಾಸು. ಆದರೆ ಮಾಮೂಲಿ ಆಹಾರವನ್ನೇ ಇಷ್ಟು ಕಡಿತ ಮಾಡಿದರೆ ಸತ್ತ್ವಗಳೂ ಕಡಮೆ ಬೀಳುತ್ತವೆ. ಆದ್ದರಿಂದ ತೂಕ ಇಳಿಸಲೆಂದೇ ಮಾಡಿದ, ಸಸಾರಜನಕ ಹೆಚ್ಚಿರುವ ಆಹಾರವನ್ನು ವೈದ್ಯರು ಸೂಚಿಸುತ್ತಾರೆ. ಹಳೆಯ ಆಹಾರದೊಡನೆ ಹೊಸದನ್ನು ಬೆರೆಸುತ್ತ ಏಳರಿಂದ ಹತ್ತು ದಿನಗಳಲ್ಲಿ ಬದಲಾಯಿಸಬೇಕು. ಅಳತೆಗೆ ಕೈಯ ಹಿಡಿ ನೆಚ್ಚಬಾರದು, ತಕ್ಕಡಿಯೇ ಬೇಕು. ಅಳೆದದ್ದನ್ನು ನಾಲ್ಕೈದು ಪಾಲು ಮಾಡಿ, ಒಂದೆರಡನ್ನು ಮೂಲೆಮೂಲೆಗಳಲ್ಲಿ ಅಡಗಿಸಿಟ್ಟರೆ ಅದಕ್ಕೆ ಹುಡುಕುವ ಕೆಲಸವಾಗುತ್ತದೆ. ದಾರದ ತುದಿಗೆ ಚಿಂದಿ ಕಟ್ಟಿ ಎಳೆದಾಡಿದರೆ ನೆಗೆತವೂ ಆಗುತ್ತದೆ. ಕಳೆದುಹೋದ ಇಲಿಯ ಬೇಟೆಗೆ ಇದು ಬದಲಿ. ಎರಡು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ಬೆಕ್ಕನ್ನು ತೂಗಿ ಬರೆದಿಡಬೇಕು. ಇಡೀ ಒಂದು ದಿನ ಅದು ಏನನ್ನೂ ಮುಟ್ಟದಿದ್ದರೆ ಕಾಯುತ್ತ ಕೂಡದೆ ವೈದ್ಯರ ಬಳಿಗೆ ಒಯ್ಯಬೇಕು.

ಹುಮನಾಬಾದಿನ ಬೆಕ್ಕು ಉಪವಾಸದಿಂದ ಪಾರಾಯಿತು. ಹಾಲು ನಿಂತಿದೆ, ತಕ್ಕಡಿ ಬಂದಿದೆ. ನಾಲ್ಕು ತಿಂಗಳಲ್ಲಿ ಇಳಿದದ್ದು 600 ಗ್ರಾಂ. “ಇಷ್ಟೇನಾ?” ಎಂದು ಹಿರಿಯರು ಕೇಳುತ್ತಾರೆ; ಇಷ್ಟೇ ಇಳಿಯಬೇಕು ಎಂದು ನಾನು ಹೇಳುತ್ತೇನೆ. ಇಷ್ಟು ದಿನ ಇಲಿಯ ಲೆಕ್ಕವನ್ನು ತಾನೇ ನೋಡಿಕೊಂಡ ಪ್ರಾಣಿ ಅದು. ಈಗ ಅದರ ಊಟವೆಲ್ಲ ನಮ್ಮ ಕೈಯಿಂದಲೇ ಆಗಬೇಕಾದ್ದರಿಂದ ಅದರ ಲೆಕ್ಕವೂ ನಮ್ಮದೇ ಆಗಿದೆ. ಶ್ರಾವಣ ಸೋಮವಾರದ ವ್ರತ ಮನೆಯವರಿಗಿರಲಿ. ಬೆಕ್ಕಿಗೆ ಅಂದೂ ಅದರ ಪಾಲು ತಪ್ಪದೆ ಬೀಳಲಿ.