ಅಂಕಿ ಇಳಿದರೆ ಸಾಕೆ?

ಜ್ವರದ ಮದ್ದು ಹತ್ತಿತೋ ಇಲ್ಲವೋ ಎಂಬುದು ರೋಗಿಗೇ ಗೊತ್ತಾಗುತ್ತದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಕಾಲಕ್ಕೆ ಮಲೆನಾಡನ್ನು ಕಾಡುತ್ತಿದ್ದದ್ದು ಮಲೇರಿಯಾ. ಕ್ವಿನೈನ್ ನುಂಗಿದವನ ನಡುಕ ನಿಂತರೆ ಬೇರೆ ಪುರಾವೆ ಬೇಕಿರಲಿಲ್ಲ. ಬಿ.ಪಿ.ಯ ಕಥೆ ಹಾಗಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳುವ ಬಹುಪಾಲು ಮಂದಿಗೆ ನೋವೂ ಇಲ್ಲ, ಸುಸ್ತೂ ಇಲ್ಲ. ಕಾಣುವುದು ಅಂಕಿ ಮಾತ್ರ. ಆ ಅಂಕಿಯೊಂದನ್ನೇ ನೆಚ್ಚಿಕೊಂಡದ್ದರಿಂದ ವೈದ್ಯಲೋಕ ಬಹುಕಾಲ ಮೋಸಹೋಯಿತು ಎಂಬುದು ನನ್ನ ವಾದ.

ಮಲೆನಾಡಿನ ಕಾಡಿನಲ್ಲೂ ಬೆಳೆಯುವ ಸರ್ಪಗಂಧವನ್ನೇ ನೋಡಿ. ಅದರ ಬೇರು ರಕ್ತದೊತ್ತಡ ಇಳಿಸುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅದನ್ನು ಹೊರದೇಶಗಳಿಗೂ ಮುಟ್ಟಿಸಿದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವ ಬೇರ್ಪಟ್ಟಿತು. ಅಂಕಿಯೇನೋ ಇಳಿಯಿತು, ಆದರೆ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಕೆಲವರು ಮಂಕಾದರು, ಖಿನ್ನತೆಗೂ ಜಾರಿದರು. ಗಿಡಮೂಲಿಕೆ ಎಂದಮಾತ್ರಕ್ಕೆ ನಿರಪಾಯ ಎನ್ನುವವರಿಗೆ ನಮ್ಮ ಕಾಡಿನ ಬೇರೇ ಉತ್ತರ.

1976ರಲ್ಲಿ ಬಂದ ಅಟೆನೊಲಾಲ್ ಇನ್ನೂ ಸಲೀಸಾಗಿ ಗೆದ್ದಿತು: ಅಗ್ಗ, ದಿನಕ್ಕೊಂದೇ ಮಾತ್ರೆ, ನಾಡಿ ನಿಧಾನ. ಆದರೆ 2004ರಲ್ಲಿ ಸ್ವೀಡನ್ನಿನ ಸಂಶೋಧಕರು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಒತ್ತಡ ಇಳಿದರೂ ಸಾವು ತಗ್ಗಿರಲಿಲ್ಲ. ಮರುವರ್ಷ 19,000ಕ್ಕೂ ಹೆಚ್ಚು ಜನರ ಆಸ್ಕಾಟ್ ಪ್ರಯೋಗದಲ್ಲಿ, ಅಟೆನೊಲಾಲ್ ಗುಂಪಿಗಿಂತ ಆಮ್ಲೊಡಿಪಿನ್ ಎಂಬ ಇನ್ನೊಂದು ಬಿ.ಪಿ. ಮಾತ್ರೆಯ ಗುಂಪಿನಲ್ಲಿ ಪಾರ್ಶ್ವವಾಯು ಸುಮಾರು 23% ಕಡಿಮೆ ಕಂಡಿತು. ಎರಡೂ ಗುಂಪುಗಳಲ್ಲಿ ಬೇರೆ ಮಾತ್ರೆಗಳೂ ಸೇರಿದ್ದವು, ಒತ್ತಡವೂ ಆಮ್ಲೊಡಿಪಿನ್ ಕಡೆಯೇ ಚೂರು ಕಡಿಮೆ ಇತ್ತು, ಹೀಗಿರುವಾಗ ಕೀರ್ತಿ ಅದೊಂದಕ್ಕೇ ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸ್ವೀಡನ್ನಿನ ಲೆಕ್ಕ ಆ ಪ್ರಯೋಗವನ್ನು ಅವಲಂಬಿಸಿದ್ದಲ್ಲ. ಜತೆಗೆ ಮಾತ್ರೆಗಳ ಗುಣವೇ ಬೇರೆ: ಅಟೆನೊಲಾಲ್ ಆರೇಳು ಗಂಟೆಗೆ ರಕ್ತದಲ್ಲಿ ಅರ್ಧಕ್ಕಿಳಿದರೆ, ಆಮ್ಲೊಡಿಪಿನ್ ಒಂದೂವರೆ ದಿನ ಹಿಡಿಯುತ್ತದೆ, ಒಂದು ಹೊತ್ತು ಮರೆತರೂ ಕೈಬಿಡದು. ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲೂ ಮೊದಲು ಕೊಡುವುದು 5 ಮಿ.ಗ್ರಾಂ. ಆಮ್ಲೊಡಿಪಿನ್ನೇ. ಅದಕ್ಕೂ ದೋಷವುಂಟು: ಸಂಜೆಗೆ ಕಣಕಾಲು ಊದಿ ಚಪ್ಪಲಿಯ ಪಟ್ಟಿ ಗೆರೆ ಮೂಡಿಸುತ್ತದೆ, ಹಲವರು ಮಾತ್ರೆ ಬಿಡುವುದೇ ಇದಕ್ಕೆ. ಅಟೆನೊಲಾಲ್ ಕೂಡ ಮೂಲೆ ಸೇರಿಲ್ಲ. ಎದೆನೋವಿಗೆ, ಲಯ ತಪ್ಪಿ ಓಡುವ ಹೃದಯಕ್ಕೆ ಅದು ಇಂದಿಗೂ ಬೇಕು. ಅಂಥವರು ಅದನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಿದರೆ ಎದೆನೋವು ಉಲ್ಬಣಿಸಿ ಹೃದಯಾಘಾತವೂ ಆದೀತು.