ಗೋಡೆಯ ಹೊರಗಿನ ಮೆಟ್ಟಿಲು

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಆ ತೇಗದ ಕಂಬಗಳನ್ನು ತೋರಿಸುತ್ತ, ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಬೆಂಕಿಗೆ ಆಹುತಿಯಾದ ಕಥೆಯನ್ನು ಹೇಳುತ್ತಿದ್ದೆ. ಹೆನ್ರಿ ಇರ್ವಿನ್ ಯೋಜಿಸಿದ ಇಂದಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು ಎಂಬುದನ್ನು ನೀವೆಲ್ಲರೂ ಬಾಯಿಪಾಠ ಮಾಡಿದ್ದೀರಿ. ಉರಿದದ್ದು ಏನು ಎಂದು ಕೇಳಿದೆನೇ ಹೊರತು, ಒಳಗಿದ್ದವರು ಹೊರಬರುವ ದಾರಿ ಯಾವುದು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ನಾನಿದ್ದ ಒಂದು ಪ್ರೌಢಶಾಲೆಯ ಮಹಡಿಗೆ ಹೊರಗಡೆ ಕಬ್ಬಿಣದ ಮೆಟ್ಟಿಲಿತ್ತು. ಹುಡುಗರು ಅದರಿಂದಿಳಿದು ತರಗತಿ ತಪ್ಪಿಸಿಕೊಳ್ಳುತ್ತಾರೆಂದು ಮಹಡಿಯ ಬಾಗಿಲಿಗೆ ಬೀಗ ಹಾಕಿಸಿದವನು ನಾನೇ. ಬೀಗದ ಕೈ ನನ್ನ ಮೇಜಿನ ಖಾನೆಯಲ್ಲಿರುತ್ತಿತ್ತು. ಮೆಟ್ಟಿಲ ಕೆಳಗೆ ಮುರಿದ ಬೆಂಚುಗಳ ರಾಶಿ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಸೋಗೆಯ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಮಹಡಿಯಿಂದ ಇಳಿಯಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಆ ದುರಂತವೇ ಕಾರಣವಾಗಿ ಹೂಡಿದ ಮೊಕದ್ದಮೆಯಲ್ಲಿ, 2009ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಅಗ್ನಿಸುರಕ್ಷತೆಯ ನಿಯಮಗಳನ್ನು ಪಾಲಿಸಲೇಬೇಕೆಂದು ಆದೇಶಿಸಿತು.

ಈಚೆಗೆ ಮನೆಗೆ ಬಂದಿದ್ದ ನಾಗಮಂಗಲದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಸಿವಿಲ್ ಇಂಜಿನಿಯರ್, ಪಾಂಡವಪುರದಲ್ಲಿ ತಾನು ಕಟ್ಟಿಸುತ್ತಿರುವ ಮೂರಂತಸ್ತಿನ ಕಟ್ಟಡದ ನಕ್ಷೆಯನ್ನು ಬಿಡಿಸಿಟ್ಟ. "ಸಾರ್, ಹೊರಗೆ ಮೆಟ್ಟಿಲಿಟ್ಟರೆ ಸಾಲದು, ಅದರ ಪಕ್ಕದ ಗೋಡೆಯನ್ನು ನೋಡಬೇಕು" ಎಂದ. ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. ಅದರ 2005ರ ಆವೃತ್ತಿಯ ಪ್ರಕಾರ ಹೊರಮೆಟ್ಟಿಲು ಉರಿಯದ ವಸ್ತುವಿನದಾಗಿರಬೇಕು, ನೇರವಾಗಿ ನೆಲಕ್ಕೆ ಮುಟ್ಟಬೇಕು, 125 ಸೆಂ.ಮೀ.ಗಿಂತ ಕಿರಿದಾಗಿರಬಾರದು, 45 ಡಿಗ್ರಿಗಿಂತ ಕಡಿದಾಗಿರಬಾರದು. ಅದಕ್ಕೆ ತೆರೆಯುವ ಬಾಗಿಲು ಬೆಂಕಿಯನ್ನು ತಡೆಯುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕಿಟಕಿಯೂ ಅದರ ಕಡೆಗೆ ಅಥವಾ ಅದರ ಸಮೀಪದಲ್ಲಿ ತೆರೆದಿರಬಾರದು. ಕಿಟಕಿಯಿಂದ ಚಾಚಿದ ಜ್ವಾಲೆಯ ನಡುವೆ ಇಳಿಯುವವರು ಯಾರು?

ನಾನು ಇತಿಹಾಸದ ಮೇಷ್ಟ್ರಲ್ಲವೇ, ನ್ಯೂಯಾರ್ಕಿನ ಕಥೆ ನೆನಪಾಯಿತು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಎಂಬ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು; ಹೆಚ್ಚಿನವರು ಎಳೆಯ ಪ್ರಾಯದ ವಲಸಿಗ ಹೆಣ್ಣುಮಕ್ಕಳು. ಅಲ್ಲಿಯೂ ಹೊರಗೆ ಕಬ್ಬಿಣದ ಮೆಟ್ಟಿಲಿತ್ತು. ಕಿಟಕಿಗಳ ಪಕ್ಕದಲ್ಲೇ ಇಳಿಯುತ್ತಿದ್ದ ಅದು ಉರಿಯ ಕಾವಿಗೂ ಜನರ ಭಾರಕ್ಕೂ ಬಗ್ಗಿ ಕುಸಿಯಿತು. ಒಂಬತ್ತನೆಯ ಅಂತಸ್ತಿನಲ್ಲಿ ಒಳಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸದವರು ಬಟ್ಟೆ ಕದಿಯುತ್ತಾರೆಂಬ ಅನುಮಾನ! ನನ್ನ ಬೀಗಕ್ಕೂ ಅಂಥದೇ ಒಂದು ಕಾರಣವಿತ್ತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ವಿದ್ಯುತ್ ತಂತಿಗಳ ಕೊಳವೆಮಾರ್ಗದಿಂದ ಹೊಗೆ ಮೇಲಂತಸ್ತುಗಳಿಗೆ ಏರಿತ್ತು. ಉಸಿರುಗಟ್ಟಿದವರು ಕಿಟಕಿಗಳಿಂದ ಹಾರಿದರು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗವಿತ್ತೆಂದು ಮರುದಿನದ ಪತ್ರಿಕೆಗಳಲ್ಲಿ ಓದಿದಾಗ ನನಗೆ ಕಾಫಿ ರುಚಿಸಲಿಲ್ಲ.

ಕುಂಭಕೋಣದ ಸುದ್ದಿ ಬಂದ ವಾರ ಬೀಗ ತೆಗೆಸಿದ್ದೆ. ತಿಂಗಳೊಳಗೆ ನಾಲ್ವರು ಹುಡುಗರು ಟೆಂಟಿನಲ್ಲಿ ಸಿನಿಮಾ ನೋಡುತ್ತ ಸಿಕ್ಕಿಬಿದ್ದರು, ಮತ್ತೆ ಹಾಕಿಸಿದೆ. ಒಳಗಿನಿಂದ ಮಾತ್ರ ತೆರೆಯುವ ಚಿಲಕವೊಂದನ್ನು ಹಾಕಿಸಿ, ಅಲ್ಲೊಬ್ಬರನ್ನು ನಿಲ್ಲಿಸಿದ್ದರೆ ಸಾಕಾಗಿತ್ತು, ಹೊಳೆಯಲಿಲ್ಲ. ವರ್ಗವಾಗಿ ಹೊರಟ ದಿನ ಬೀಗದ ಕೈಯನ್ನು ಮುಂದಿನವರಿಗೆ ಒಪ್ಪಿಸಿ, ಪುಸ್ತಕದಲ್ಲಿ ಸಹಿ ಪಡೆದುಕೊಂಡೆ.

ಆ ಹುಡುಗರಲ್ಲಿ ಇಬ್ಬರು ಇದನ್ನು ಓದುತ್ತಾರೆಂದು ಬಲ್ಲೆ. ಒಬ್ಬ ಈಗ ಅದೇ ತಾಲ್ಲೂಕಿನಲ್ಲಿ ಶಿಕ್ಷಕ. ಅಪ್ಪಾ, ಆ ಕಡೆ ಹೋದಾಗ ಮಹಡಿ ಹತ್ತಿ ಬಾಗಿಲನ್ನೊಮ್ಮೆ ನೂಕಿ ನೋಡಿ, ನನಗೆ ತಿಳಿಸು.